ಕಣ್ಣುರಿಸದ ಈರುಳ್ಳಿ

ಮೊದಲ ಚೂರನ್ನು ಬಾಯಿಗಿಟ್ಟು ಎರಡು ಸಲ ಅಗಿಯುವಷ್ಟರಲ್ಲಿ ಅವಳ ಕಣ್ಣುಗಳು ತುಂಬಿಕೊಂಡವು. ಬ್ಯಾಟರಿಯಣ್ಣ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಉಗುಳಲೋ ನುಂಗಲೋ ಎಂದು ಅವಳು ಒಂದು ಗಳಿಗೆ ತಡೆದು, ಕೊನೆಗೆ ನುಂಗಿ, ಮುಂಗೈಯಿಂದ ಮೂಗು ಒರೆಸಿಕೊಂಡಳು.

"ಸಿಹಿ ಇದೆ," ಎಂದಳು.

"ಅಳ್ತಾ ಹೇಳಿದ್ರೆ ಯಾರು ನಂಬ್ತಾರೆ?" ಎಂದು ಅವಳ ಕೈಯಲ್ಲಿದ್ದ ಉಳಿದರ್ಧವನ್ನು ತೆಗೆದುಕೊಂಡು ಅವನೂ ಕಚ್ಚಿದ. ಮಾಮೂಲು ಈರುಳ್ಳಿಯೇ ವಾಸಿ, ಇದು ನೆತ್ತಿಗೇ ಹತ್ತಿತು. ಇಬ್ಬರೂ ಪಾತಿಯ ಪಕ್ಕ ಕೂತು ಕೆಮ್ಮಿ, ಕಣ್ಣೊರೆಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾಲ್ಕು ತಿಂಗಳು ಕೂಸಿನ ಹಾಗೆ ಸಾಕಿದ್ದಕ್ಕೆ ಒಳ್ಳೆಯ ಬಹುಮಾನ ಎಂದು ಅವನೆಂದ. ಎಂದ ಮೇಲೆ ಆ ಮಾತು ಬಾಯಿಂದ ಬರಬಾರದಿತ್ತು ಎನ್ನಿಸಿತು. ಅವಳು ಕೇಳಿಸದವಳಂತೆ ಎದ್ದು ಕೈ ತೊಳೆಯಲು ಹೋದಳು.

ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಬೀದಿಗೆಲ್ಲ ಅವನು ಬ್ಯಾಟರಿಯಣ್ಣನೇ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ, ಮನೆಯ ಹಿಂದೆ ಮೂರು ಕಡೆ ಗೋಡೆಯಿದ್ದ ಹಿತ್ತಿಲು. ಲಾರಿ, ಕಾರು, ಟ್ರ್ಯಾಕ್ಟರುಗಳ ಸತ್ತ ಬ್ಯಾಟರಿಗಳು ಅವನ ಕೈಗೆ ಬಂದು ಮತ್ತೆ ಜೀವ ತುಂಬಿಸಿಕೊಂಡು ಹೋಗುತ್ತಿದ್ದವು. ಹಿತ್ತಿಲಲ್ಲಿ ಅವುಗಳ ಹೊಟ್ಟೆ ಬಗೆದು, ಹಳೆಯ ಆಸಿಡ್ಡನ್ನು ಗೋಡೆಯ ಬುಡಕ್ಕೆ ಚೆಲ್ಲಿ, ಸೀಸದ ತಟ್ಟೆಗಳನ್ನು ಬಡಿದು ಪುಡಿ ಉದುರಿಸಿ, ಉಳಿದದ್ದನ್ನು ಒಲೆಯ ಮೇಲಿಟ್ಟು ಕರಗಿಸುತ್ತಿದ್ದ. ಅವನ ಅಂಗಿಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಕೊನೆಗೆ ಬಲಗೈ ಮಣಿಕಟ್ಟು ಸೋತು ಬಾಡಿದ ಎಲೆಯ ಹಾಗೆ ಜೋತುಬಿದ್ದಾಗ ಅಂಗಡಿಯನ್ನು ಮೊಬೈಲ್ ರಿಪೇರಿಯವನೊಬ್ಬನಿಗೆ ಬಾಡಿಗೆಗೆ ಕೊಟ್ಟ. ಸುತ್ತಿಗೆ ಹಿಡಿದೂ ಹಿಡಿದೂ ನರ ಸೋತಿದೆ ಎಂದು ವೈದ್ಯರೊಬ್ಬರು ಹೇಳಿದ್ದರು. ಅವನೂ ಹಾಗೆಯೇ ನಂಬಿದ್ದ.

ಹೆಂಡತಿ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಫ್ರೇಮಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ ಬಿಗಿಯುವುದು, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಸರಿಯಾಗಿ ಕೂರುವ ತನಕ ಬಿಡದಿರುವುದು. ಸಂಜೆ ಬಂದರೆ ಎಷ್ಟೋ ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ಮದುವೆಯಾದ ಹೊಸತರಲ್ಲೇ ಶುರುವಾದ ಹೊಟ್ಟೆನೋವು ಅದು. ಖಾರ ಬಿಟ್ಟಳು, ಹುಳಿ ಬಿಟ್ಟಳು. ಪ್ರಾಣವಾಗಿದ್ದ ಹಸಿ ಈರುಳ್ಳಿಯನ್ನೂ ಬಿಟ್ಟಳು. ನೋವು ಮಾತ್ರ ಅವಳನ್ನು ಬಿಡಲಿಲ್ಲ.

ಹಿಂದಿನ ವರ್ಷ ಗಾಜು ತರಲು ಬೇರೆ ಊರಿನ ಸಗಟು ವ್ಯಾಪಾರಿಯ ಬಳಿಗೆ ಹೋದಾಗ, ಆತನ ಹೆಂಡತಿ ಬ್ರೆಡ್ಡಿನ ಮೇಲೆ ಉಪ್ಪು ಉದುರಿಸಿ, ದಪ್ಪ ದಪ್ಪ ಹೆಚ್ಚಿದ ಬಿಳಿ ಈರುಳ್ಳಿಯ ಬಿಲ್ಲೆ ಇಟ್ಟು ಕೊಟ್ಟಿದ್ದಳಂತೆ. ಬೇಡವೆನ್ನಲು ಸಂಕೋಚವಾಗಿ ತಿಂದಳು. ಕಣ್ಣು ಉರಿಯಲಿಲ್ಲ, ಹೊಟ್ಟೆಯೂ ಉರಿಯಲಿಲ್ಲ. ಹಣ್ಣು ಕಚ್ಚಿದ ಹಾಗೆ ರಸ ಗದ್ದಕ್ಕೆ ಇಳಿಯಿತು. ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಅದನ್ನು ವರ್ಣಿಸಿದ ರೀತಿಗೆ ಬ್ಯಾಟರಿಯಣ್ಣ ಬೆರಗಾಗಿದ್ದ. ಅವಳು ಒಂದು ವಸ್ತುವಿಗೆ ಹಾಗೆ ಆಸೆಪಟ್ಟದ್ದನ್ನು ನೋಡಿ ಯಾವ ಕಾಲವಾಗಿತ್ತೋ.

ಅವನು ಊರಾಚೆಯ ನರ್ಸರಿಗೆ ಹೋಗಿ ವಿಚಾರಿಸಿದ. ನರ್ಸರಿಯ ಒಡತಿ ಬಾಯಿ ಜೋರಿನ, ಮನಸ್ಸು ಮೆತ್ತಗಿನ ಹೆಂಗಸು. ಸಿಹಿ ಈರುಳ್ಳಿಯ ಸಸಿ ತನ್ನಲ್ಲಿದೆ, ಆದರೆ ಅದು ಮುದ್ದಿನ ಮಗಳ ಹಾಗೆ, ಒಂದು ದಿನ ನೀರು ತಪ್ಪಿದರೂ ಮುನಿಸಿಕೊಳ್ಳುತ್ತದೆ, ಕಿತ್ತ ಮೇಲೆ ಬಹಳ ದಿನ ಉಳಿಯುವುದೂ ಇಲ್ಲ ಎಂದು ಎಚ್ಚರಿಸಿಯೇ ಕೊಟ್ಟಳು. ಅವನು ಹಿತ್ತಿಲನ್ನು ಅಗೆದ. ಜೋತ ಕೈಯನ್ನು ಗುದ್ದಲಿಯ ಹಿಡಿಗೆ ಬಟ್ಟೆಯಿಂದ ಕಟ್ಟಿಕೊಂಡು ಅಗೆದ. ಸುಣ್ಣ ಹಾಕಿದ, ಬೂದಿ ಹಾಕಿದ, ಮೇಲಿಂದ ಒಂದಿಷ್ಟು ಹೊಸ ಮಣ್ಣು ಹರಡಿದ. ಹುಲ್ಲೂ ಹುಟ್ಟದ ಜಾಗದಲ್ಲಿ ಹಸಿರು ಸೂಜಿಗಳಂಥ ಸಸಿಗಳು ಸಾಲಾಗಿ ನಿಂತಾಗ, ಅವಳು ಕೆಲಸದಿಂದ ಬಂದವಳೇ ಚೀಲವನ್ನೂ ಇಳಿಸದೆ ಸೀದಾ ಹಿತ್ತಿಲಿಗೆ ನಡೆಯತೊಡಗಿದಳು.

ಆ ನಾಲ್ಕು ತಿಂಗಳು ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅವಳು ಕಣ್ಣುಗಳ ನಡುವಿನ ಅಂತರ ಅಳೆಯುವ ಅಂಗಡಿಯ ಪುಟ್ಟ ಸ್ಕೇಲು ತಂದು ಗೆಡ್ಡೆಗಳ ದಪ್ಪ ಅಳೆಯುತ್ತಿದ್ದಳು. ಮೂಲೆಯಲ್ಲಿದ್ದ ಒಂದು ಬಡಕಲು ಸಸಿಗೆ "ಗುಮಾಸ್ತ" ಎಂದು ಹೆಸರಿಟ್ಟು, ಇವತ್ತು ಗುಮಾಸ್ತರು ಊಟ ಮಾಡಿದರೋ ಇಲ್ಲವೋ ಎಂದು ಕೇಳುತ್ತಿದ್ದಳು. ಬರಿಗೈಯಲ್ಲಿ ಕಳೆ ಕೀಳುತ್ತಿದ್ದಳು. ಉಗುರಿನ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅದಕ್ಕೂ ಮುಂಚೆ ಅದು ಮಾತು ಸತ್ತ ಮನೆಯಾಗಿತ್ತು. ಅವಳಿಗೆ ಐದು ಸಲ ಬಸಿರು ನಿಂತಿತ್ತು. ನಾಲ್ಕು ಸಲ ಹೊಟ್ಟೆ ಕಾಣಿಸುವ ಮೊದಲೇ ಇಳಿದುಹೋಯಿತು. ಒಂದು ಹೆಣ್ಣುಮಗು ಹುಟ್ಟಿತು. ಮಧ್ಯಾಹ್ನ ಹುಟ್ಟಿದ್ದು ಸಂಜೆಯ ತನಕ ಇತ್ತು. ಆಗಿನ್ನೂ ಬದುಕಿದ್ದ ಅವನ ತಾಯಿ, ಇವಳ ಹೊಟ್ಟೆ ತೂತು ಬಿದ್ದ ಕೊಡ, ಎಷ್ಟು ತುಂಬಿದರೂ ಅಷ್ಟೇ ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ವೈದ್ಯರು ಗರ್ಭಕೋಶಕ್ಕೆ ಶಕ್ತಿ ಸಾಲದು ಎಂದು ಸೂಜಿ ಚುಚ್ಚಿಸಿದರು. ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗಲೂ ಅವಳು ಗೋಡೆಯ ಕಡೆ ತಿರುಗಿ ಮಲಗಿ, ನನ್ನಿಂದ ಆಗಲಿಲ್ಲ, ತಪ್ಪಾಯಿತು ಎನ್ನುತ್ತಿದ್ದಳು. ಕೊನೆಯ ಸಲದ ನಂತರ, ಇನ್ನೊಬ್ಬಳನ್ನು ಮಾಡಿಕೊಳ್ಳಿ, ನಾನೇ ಮುಂದೆ ನಿಂತು ಮದುವೆ ಮಾಡಿಸುತ್ತೇನೆ ಎಂದಳು. ಅವನು ಖಡಾಖಂಡಿತವಾಗಿ ಬೇಡವೆಂದ. ಈ ಸುದ್ದಿ ಹೇಗೋ ಬೀದಿಯಲ್ಲೆಲ್ಲ ಹರಡಿತು. ಬ್ಯಾಟರಿಯಣ್ಣನಂಥ ದೊಡ್ಡ ಮನಸ್ಸಿನ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಜನ ಅವಳ ಮುಂದೆಯೇ ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಎದೆ ಸ್ವಲ್ಪ ಉಬ್ಬುತ್ತಿತ್ತು ಎನ್ನುವುದೂ ಸುಳ್ಳಲ್ಲ.

ಕಣ್ಣುರಿಸಿದ ಈರುಳ್ಳಿಯನ್ನು ಜೇಬಿಗೆ ಹಾಕಿಕೊಂಡು ಬ್ಯಾಟರಿಯಣ್ಣ ನರ್ಸರಿಗೆ ಜಗಳಕ್ಕೇ ಹೋದ. ಒಡತಿ ಒಂದು ಎಸಳು ಕಚ್ಚಿ, ಮುಖ ಕಿವುಚಿ, ಸಸಿಯ ತಪ್ಪಲ್ಲ ಎಂದಳು. ಅದೇ ಟ್ರೇಯ ಸಸಿ ಒಯ್ದವರೆಲ್ಲ ಬಂದು ಹೊಗಳಿಹೋಗಿದ್ದಾರೆ. ಮಣ್ಣಿನಲ್ಲಿ ಗಂಧಕ ಜಾಸ್ತಿಯಿದ್ದರೆ ಎಂಥ ಸಿಹಿ ಜಾತಿಯೂ ಖಾರ ತಿರುಗುತ್ತದೆ. ಆ ಜಾಗದಲ್ಲಿ ಮೊದಲು ಏನಿತ್ತು ಎಂದು ಕೇಳಿದಳು. ಅವನಿಗೆ ನಗು ಬಂತು. ಬ್ಯಾಟರಿಗೆ ಹಾಕುವುದೇ ಗಂಧಕದ ಆಸಿಡ್ಡು. ಗೋಡೆಯ ಬುಡಕ್ಕೆ ಎಷ್ಟು ಡಬ್ಬ ಸುರಿದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಒಡತಿ ನಗಲಿಲ್ಲ. ಹಿತ್ತಿಲ ಮಣ್ಣನ್ನು ಕೃಷಿ ಕಚೇರಿಯ ಪರೀಕ್ಷಾ ಕೋಣೆಗೆ ಒಯ್ಯಲು, ಬ್ಯಾಟರಿಯ ವಿಷಯವನ್ನೂ ಅಲ್ಲಿ ಬಾಯಿಬಿಟ್ಟು ಹೇಳಲು ತಿಳಿಸಿದಳು.

ಮಣ್ಣು ಕೊಟ್ಟು ಬಂದ ಮೇಲೆ ಅವನು ಅದನ್ನು ಮರೆತೇಬಿಟ್ಟಿದ್ದ. ಸುಣ್ಣ ಇನ್ನಷ್ಟು ಹಾಕಿ ಎಂದಾರು, ಮುಂದಿನ ಸಲಕ್ಕೆ ಸರಿಹೋಗುತ್ತದೆ ಎಂದುಕೊಂಡಿದ್ದ. ಒಂದು ಬೆಳಗ್ಗೆ ಕರೆ ಬಂತು. ಪರೀಕ್ಷಾ ಕೋಣೆಯಲ್ಲಿ ಗಾಜಿನ ಕೊಳವೆಗಳ ಮುಂದೆ ಕೂತಿದ್ದ ಯುವತಿ ಅವನಿಗೆ ಸ್ಟೂಲು ಎಳೆದುಕೊಟ್ಟಳು. ಆ ಮರ್ಯಾದೆಗೇ ಅವನಿಗೆ ಏನೋ ಅಳುಕು ಹುಟ್ಟಿತು. ಗಂಧಕದ ಮಾತು ಹಾಗಿರಲಿ, ಆ ಮಣ್ಣಿನಲ್ಲಿ ವಿಪರೀತ ಸೀಸವಿದೆ, ಅಲ್ಲಿ ಬೆಳೆದದ್ದನ್ನು ಯಾರೂ ತಿನ್ನಕೂಡದು ಎಂದಳು. ಮಣ್ಣು ತೆಗೆಸಬೇಕು. ಆಗದಿದ್ದರೆ ಧೂಳು ಏಳದಂತೆ ಮೇಲೆ ಸಿಮೆಂಟು ಹಾಕಿಸಿ ಮುಚ್ಚಬೇಕು. ನಿಮ್ಮ ಕೈಗೆ ಆಗಿರುವುದೂ ಅದರಿಂದಲೇ ಇರಬಹುದು, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಅವಳು ಕೇಳಿದಳು.

"ಇಲ್ಲ."

"ಬಸುರಿಯರು?"

"ಇಲ್ಲ. ನಾವಿಬ್ರೇ."

"ಸದ್ಯ. ಇಲ್ಲಾಂದ್ರೆ ಕಷ್ಟ ಇತ್ತು. ಸೀಸ ತಾಯಿ ಮೂಳೇಲಿ ಕೂತ್ಬಿಟ್ಟಿರುತ್ತೆ. ಅಲ್ಲಿಂದ ಮಗೂಗೆ ಇಳಿಯುತ್ತೆ. ಎಷ್ಟೋ ಸಲ ಬಸಿರು ನಿಲ್ಲೋದೇ ಇಲ್ಲ."

ಅವಳು ಕೊಳವೆಗಳನ್ನು ಒಂದೊಂದಾಗಿ ಸ್ಟ್ಯಾಂಡಿಗೆ ಸಿಕ್ಕಿಸುತ್ತಾ ಇದನ್ನು ಹೇಳಿದಳು. ಕಿಟಕಿಯ ಆಚೆ ಯಾರೋ ಸ್ಕೂಟರು ಒದ್ದು ಒದ್ದು ಸ್ಟಾರ್ಟ್ ಮಾಡಲು ಹೆಣಗುತ್ತಿದ್ದರು. ಬ್ಯಾಟರಿ ಸತ್ತಿದೆ, ಎಷ್ಟು ಒದ್ದರೂ ಅಷ್ಟೇ ಎಂದು ಬ್ಯಾಟರಿಯಣ್ಣನ ತಲೆ ತನ್ನ ಪಾಡಿಗೆ ತಾನು ಹೇಳಿತು. ಆಮೇಲೆ ಅವನು ಕೇಳಿದ: ಕೆಲಸ ಮಾಡುವವನು ಗಂಡ. ಹೆಂಡತಿ ಬ್ಯಾಟರಿಯನ್ನು ಮುಟ್ಟಿದವಳೇ ಅಲ್ಲ. ಆಗ?

"ಅವ್ರ ಬಟ್ಟೆ ಯಾರು ಒಗೀತಾರೆ?" ಎಂದಳು ಯುವತಿ.

ಮನೆಗೆ ನಡೆದೇ ಬಂದ. ಬಸ್ಸು ಪಕ್ಕದಲ್ಲೇ ನಿಂತು ಹೋದದ್ದು ಅವನ ಗಮನಕ್ಕೆ ಬರಲಿಲ್ಲ. ಹೆಂಡತಿಗೆ ಹೇಳಲೇಬಾರದು ಎಂದು ಒಂದು ತಿರುವಿನ ತನಕ ಅಂದುಕೊಂಡ. ಆಗಿಹೋದದ್ದನ್ನು ಕೆದಕಿ ಯಾರಿಗೇನು ಸುಖ? ಇಬ್ಬರಿಗೂ ವಯಸ್ಸಾಯಿತು. ಅಮ್ಮ ಹೋದಳು. ಈರುಳ್ಳಿಗೆ ಹುಳ ಹತ್ತಿತು ಎಂದು ಕಿತ್ತೊಗೆದರೆ ಮುಗಿಯಿತು. ಮುಂದಿನ ತಿರುವಿನಲ್ಲಿ, ಹೀಗೆ ಯೋಚಿಸುವುದು ತನಗೆಷ್ಟು ಸಲೀಸಾಗಿ ಬರುತ್ತಿದೆ ಎನ್ನಿಸಿತು.

ಹಿತ್ತಿಲಿಗೆ ಬಂದು ನೋಡಿದರೆ ಮುಂದಿನ ಸಾಲಿನಲ್ಲಿ ಏಳೆಂಟು ಗುಂಡಿಗಳು ಖಾಲಿ. ಹೆಂಡತಿಯ ಅಂಗಡಿಗೆ ಫೋನು ಮಾಡಿ ಕೇಳಿದ. ಪಕ್ಕದ ಮನೆಯ ಸೊಸೆಗೆ ಬಾಯಿ ಕೆಟ್ಟು ಊಟವೇ ಸೇರುತ್ತಿಲ್ಲವಂತೆ, ಖಾರದ ಈರುಳ್ಳಿಯಾದರೂ ರುಚಿಸೀತು ಎಂದು ಬೆಳಗ್ಗೆ ಕೊಟ್ಟುಬಂದೆ ಎಂದಳು. ಆ ಹುಡುಗಿಗೆ ಐದು ತಿಂಗಳು.

ಪಕ್ಕದ ಮನೆಯವರ ಅಡುಗೆಮನೆಯ ತನಕ ಅವನು ಯಾವತ್ತೂ ಹೋದವನಲ್ಲ. ಈಗ ಚಪ್ಪಲಿಯಲ್ಲೇ ನುಗ್ಗಿದ. ಮೇಜಿನ ಮೇಲೆ ಈರುಳ್ಳಿಗಳಿದ್ದವು. ಒಂದನ್ನು ಹೆಚ್ಚಿ ಬಟ್ಟಲಲ್ಲಿ ಇಟ್ಟಿದ್ದರು. ಅವನು ಎಲ್ಲವನ್ನೂ ಎಡಗೈಯಿಂದ ಬಾಚಿ ಅಂಗಿಯ ಮಡಿಲಿಗೆ ತುಂಬಿಕೊಳ್ಳತೊಡಗಿದ. ಬಟ್ಟಲಲ್ಲಿದ್ದದ್ದನ್ನೂ ಸುರಿದುಕೊಂಡ. ಪಕ್ಕದ ಮನೆಯಾಕೆ ದಂಗಾಗಿ ನಿಂತಿದ್ದಳು. ಔಷಧಿ ಹೊಡೆದಿದ್ದೆ, ಹೆಂಡತಿಗೆ ಗೊತ್ತಿರಲಿಲ್ಲ ಎಂದು ಅವನು ತೊದಲಿದ. ಸೊಸೆಯನ್ನು, ತಿಂದೆಯಾ, ಎಷ್ಟು ತಿಂದೆ ಎಂದು ಕೇಳುವಾಗ ಅವನ ದನಿ ವಿಚಿತ್ರವಾಗಿತ್ತು.

"ಒಂದು ಚೂರು ಬಾಯಿಗಿಟ್ಟೆ ಅಣ್ಣ. ಖಾರ ಅಂತ ಉಗಿದ್ಬಿಟ್ಟೆ," ಎಂದಳು ಆ ಹುಡುಗಿ, ನಗುತ್ತಾ.

ಹಿತ್ತಿಲಿನಲ್ಲಿ ಉಳಿದದ್ದನ್ನೆಲ್ಲ ಅವನು ಬಿಸಿಲಿನಲ್ಲೇ ಕಿತ್ತ. ಇನ್ನೂ ಬಲಿತು ಎಲೆ ಬಾಗಿರಲಿಲ್ಲ, ಕತ್ತು ಹಸಿರಾಗಿಯೇ ಇತ್ತು. ಒಂದೊಂದು ಗೆಡ್ಡೆಯೂ ಬಿಳಿಯಾಗಿ, ಗುಂಡಗೆ, ನೋಡಲು ಮುದ್ದಾಗಿ ಮಣ್ಣಿನಿಂದ ಎದ್ದು ಬಂತು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದ.

ಸಂಜೆ ಅವಳು ಬರುವ ಹೊತ್ತಿಗೆ ಪಕ್ಕದ ಮನೆಯಾಕೆ ಗೇಟಿನಲ್ಲೇ ಕಾದಿದ್ದಳು. ಕೊಟ್ಟದ್ದನ್ನು ಕಿತ್ತುಕೊಂಡು ಹೋಗುವ ಗಂಡಸನ್ನು ತಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಬಸುರಿಯಿರುವ ಮನೆಗೆ ವಿಷ ಹೊಡೆದದ್ದನ್ನು ಕಳಿಸುತ್ತಾರೆಯೇ, ಮಕ್ಕಳಿಲ್ಲದವರಿಗೆ ಅದರ ಬೆಲೆ ಹೇಗೆ ಗೊತ್ತಾಗಬೇಕು ಎಂದೆಲ್ಲ ಆಡಿದ್ದು ಒಳಗೆ ಕೂತಿದ್ದ ಅವನಿಗೂ ಕೇಳಿಸಿತು. ಅವಳು ಒಳಗೆ ಬಂದು ಚೀಲವನ್ನು ಮೊಳೆಗೆ ಸಿಕ್ಕಿಸಿ, ಹಿತ್ತಿಲ ಬಾಗಿಲಿಗೆ ಹೋಗಿ ಬರಿದಾದ ಪಾತಿಯನ್ನು ನೋಡಿ, ತಿರುಗಿ ಬಂದು ಅವನೆದುರು ನಿಂತಳು. ಅವಳಿಗೆ ಅಂಥ ಸಿಟ್ಟು ಬಂದದ್ದನ್ನು ಅವನು ನೋಡಿಯೇ ಇರಲಿಲ್ಲ. ಹಾಗೆ ಸಿಟ್ಟಾಗುವ ಹಕ್ಕು ತನಗಿದೆ ಎಂದು ಅವಳು ಈ ಮನೆಯಲ್ಲಿ ಎಂದೂ ಅಂದುಕೊಂಡಿರಲಿಲ್ಲ.

"ಏನ್ರೀ ಇದು? ಯಾವ ಔಷಧಿ ಹೊಡೆದ್ರಿ? ಯಾವಾಗ?"

ಅವನು ಸುಳ್ಳು ಹುಡುಕಿದ. ಸಿಗಲಿಲ್ಲ. ಸೀಸದ ವಿಷಯ ಹೇಳಿದ. ಕೈಯ ವಿಷಯ ಹೇಳಿದ. ಅವಳ ಹೊಟ್ಟೆನೋವೂ ಅದರಿಂದಲೇ ಇರಬಹುದೇನೋ ಎಂದ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ನಿಧಾನವಾಗಿ ಕುರ್ಚಿ ಎಳೆದು ಕೂತು, ಗಿರಾಕಿಯ ಕನ್ನಡಕ ವಾಲಿದೆಯೋ ಎಂದು ನೋಡುವ ಹಾಗೆ ಅವನ ಮುಖವನ್ನು ನೋಡುತ್ತಿದ್ದಳು. ಆಗ ಉಳಿದದ್ದನ್ನೂ ಹೇಳಿದ. ಬಸಿರುಗಳ ವಿಷಯ, ಕೊನೆಗೆ ಅವಳು ಒಗೆದ ಅಂಗಿಗಳ ವಿಷಯ.

ಮುಂದಿನ ಅಂಗಡಿಯಲ್ಲಿ ಮೊಬೈಲ್ ರಿಪೇರಿಯವನು ಯಾವುದೋ ಫೋನಿನ ರಿಂಗು ಸರಿಯಿದೆಯೇ ಎಂದು ಮತ್ತೆ ಮತ್ತೆ ಬಾರಿಸಿ ನೋಡುತ್ತಿದ್ದ.

"ನಮ್ಮವ್ಳು ಎಷ್ಟು ಚಿಕ್ಕೋಳಿದ್ಲು," ಎಂದಳು ಕೊನೆಗೆ. "ಅಷ್ಟು ಚಿಕ್ಕ ಮೂಳೇಲೂ ಇತ್ತಾ?"

ಅವನು ಜೋತ ಕೈಯನ್ನು ಎಡಗೈಯಿಂದ ಹಿಡಿದುಕೊಂಡ.

"ನಂಗೆ ಗೊತ್ತಿರ್ಲಿಲ್ಲ ಕಣೇ," ಎಂದ.

"ನಂಗೂ ಗೊತ್ತಿರ್ಲಿಲ್ಲ. ಆದ್ರೂ ನಾನು ತಪ್ಪಾಯ್ತು ಅಂದಿದ್ದೆ."

"ನಾನೂ ಅಂತೀನಿ."

"ಈಗ ಯಾರಿಗೆ ಅಂತೀರ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆ ಸಿಟ್ಟು ಬಂದಷ್ಟೇ ಬೇಗ ಎಲ್ಲೋ ಹೋಗಿಬಿಟ್ಟಿತ್ತು. ಅದು ಇದ್ದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ದಿನ ಅನ್ನಿಸಿತು.

ಇಬ್ಬರ ರಕ್ತದಲ್ಲೂ ಸೀಸ ಸಿಕ್ಕಿತು. ಅವಳದ್ದರಲ್ಲಿ ಅವನದ್ದಕ್ಕಿಂತ ಸ್ವಲ್ಪವೇ ಕಡಿಮೆ. ವೈದ್ಯರು ಮಾತ್ರೆ ಬರೆದರು. ಹೊಸದಾಗಿ ಸೇರುವುದನ್ನು ತಡೆಯಬಹುದು, ಮೂಳೆಯಲ್ಲಿ ಕೂತದ್ದು ಇಳಿಯಲು ಬಹಳ ಕಾಲ ಬೇಕು, ಪೂರ್ತಿ ಇಳಿಯುವುದೂ ಇಲ್ಲ ಎಂದರು. ಹಿಂದಿನ ಬಸಿರುಗಳ ಬಗ್ಗೆ ಅವನು ಕೇಳಿದಾಗ, ಅದರಿಂದಲೇ ಎಂದು ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಅವಳು ಆ ಹೊತ್ತಿಗೆ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಿದ್ದಳು. ಅವನು ಬಂದಾಗ ಸರಿದು ಜಾಗ ಕೊಟ್ಟಳು. ವೈದ್ಯರು ಏನೆಂದರು ಎಂದು ಕೇಳಲಿಲ್ಲ.

ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಅವಳು ಎಂದಿನಂತೆ ಅಡುಗೆ ಮಾಡಿದಳು, ಎಂದಿನಂತೆ ಕೆಲಸಕ್ಕೆ ಹೋದಳು. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತಿದ್ದಳು. ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತೇನೆಂದು ಅವನು ಬಕೆಟ್ಟು ಹಿಡಿದು ಕೂತಾಗ ಬೇಡವೆನ್ನಲಿಲ್ಲ. ಒಂದು ಕೈಯಲ್ಲಿ ಹಿಂಡಲಾಗದೆ ನೀರು ಸುರಿಯುವ ಅಂಗಿಯನ್ನೇ ಅವನು ತಂತಿಗೆ ಹಾಕುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬರಲಿಲ್ಲ. ಬೀದಿಯಲ್ಲಿ ಒಬ್ಬ ಹೆಂಗಸು ಯಾವುದೋ ಮಾತಿಗೆ, ನಿಮ್ಮ ಯಜಮಾನರಂಥ ದೊಡ್ಡ ಮನಸ್ಸು ಯಾರಿಗಿದೆ ಎಂದಾಗ ಅವಳು ಎಂದಿನ ಹಾಗೆಯೇ ತಲೆಯಾಡಿಸಿದಳು. ಪಕ್ಕದಲ್ಲಿದ್ದ ಅವನಿಗೆ ನಿಂತ ನೆಲವೇ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನೀನಾದರೂ ಅವರಿಗೆ ನಿಜ ಹೇಳು ಎಂದು ಮನೆಗೆ ಬಂದು ಬೇಡಿಕೊಂಡ.

"ಬಿಡಿ. ಮತ್ತೆ ಎಲ್ಲಾ ಮೊದಲಿಂದ ಹೇಳ್ಬೇಕು," ಎಂದಳು.

ಮಣ್ಣು ತೆಗೆಸಿದರೆ ಎಲ್ಲಿ ಹಾಕುವುದೆಂದು ಯಾರಿಗೂ ತಿಳಿಯಲಿಲ್ಲವಾದ್ದರಿಂದ ಹಿತ್ತಿಲಿಗೆ ಸಿಮೆಂಟು ಹಾಕಿಸುವುದೆಂದಾಯಿತು. ಗೋಣಿಚೀಲವನ್ನು ಕೃಷಿ ಕಚೇರಿಯವರು ಒಯ್ದರು. ಮೇಸ್ತ್ರಿ ಒಂದು ಭಾನುವಾರ ಬಂದು ಪಾತಿಗಳನ್ನು ತುಳಿದು ಸಮಮಾಡಿ, ಜಲ್ಲಿ ಹರಡಿ, ಕಲಸಿದ ಸಿಮೆಂಟನ್ನು ಸುರಿದು, ಉದ್ದನೆಯ ಹಲಗೆಯಿಂದ ಗೋಡೆಯಿಂದ ಗೋಡೆಗೆ ಎಳೆದ. ಸಂಜೆಯ ಹೊತ್ತಿಗೆ ಅಲ್ಲಿ ಬೂದುಬಣ್ಣದ ಚೊಕ್ಕ ನೆಲವಿತ್ತು. ಒಂದು ವಾರ ಬೆಳಗ್ಗೆ ಸಂಜೆ ನೀರು ಕುಡಿಸಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ, ಆಮೇಲೆ ಅದರ ಯೋಚನೆಯೇ ಬೇಡ ಎಂದು ಹೇಳಿಹೋದ.

ಬೆಳಗಿನ ಪಾಳಿ ಅವನದು, ಸಂಜೆಯದು ಅವಳದು. ವಾರ ಕಳೆಯಿತು. ನೆಲ ಕಲ್ಲಾಗಿತ್ತು. ಅವನು ಪೈಪನ್ನು ಸುರುಳಿ ಸುತ್ತಿ ಮೂಲೆಗಿಟ್ಟ.

ಅದಾಗಿ ಎಷ್ಟೋ ದಿನದ ಮೇಲೆ ಒಂದು ಸಂಜೆ, ನಲ್ಲಿಯ ಸದ್ದು ಕೇಳಿ ಅವನು ಹಿತ್ತಿಲ ಬಾಗಿಲಿಗೆ ಬಂದ. ಅವಳು ಚಪ್ಪಲಿ ಕಳಚಿಟ್ಟು, ಸುರುಳಿ ಬಿಚ್ಚಿ, ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು, ಸಸಿಗಳಿಗೆ ಹಾಕುತ್ತಿದ್ದ ಹಾಗೆಯೇ ಗೋಡೆಯ ಬುಡದಿಂದ ಶುರುಮಾಡಿ ಒಂದು ಅಂಗುಲವೂ ಬಿಡದ ಹಾಗೆ ಸಿಮೆಂಟಿಗೆ ನೀರು ಹಾಕುತ್ತಿದ್ದಳು. ನೀರು ಇಂಗಲು ಜಾಗವಿಲ್ಲದೆ ನೆಲದ ಮೇಲೆಲ್ಲ ತೆಳ್ಳಗೆ ನಿಂತಿತ್ತು. ಅದರಲ್ಲಿ ಆಕಾಶದ ಕೊನೆಯ ಬೆಳಕಿತ್ತು, ಅವಳ ಬರಿಗಾಲುಗಳಿದ್ದವು.

ಅವನು ನಲ್ಲಿ ನಿಲ್ಲಿಸಲಿಲ್ಲ.